ಪೈರೂ ಮಂದೆಯೂ: ರೈತರಿಗೂ ಕುರಿಗಾರರಿಗೂ ಉಂಟಾಗುವ ವ್ಯಾಜ್ಯಗಳಿಂದ ಗ್ರಾಮದ ಆಹಾರಕ್ಕೆ ಒದಗುವ ನಷ್ಟ ಮತ್ತು ಅದರ ನಿವಾರಣೆ

೧. ಪೀಠಿಕೆ

ಬಯಲುಸೀಮೆಯ ಬೇಸಾಯವು ನೇಗಿಲು ಮತ್ತು ಮಂದೆ ಎಂಬ ಎರಡು ಆಧಾರಗಳ ಮೇಲೆ ನಿಂತಿರುವುದೆಂಬುದು ಸರ್ವರಿಗೂ ತಿಳಿದ ವಿಷಯ. ಮಳೆ ಕಡಮೆಯಾಗಿ, ನೆಲ ತೆಳುವಾಗಿ, ಕೆರೆಗಳು ಮೂರು ವರ್ಷಕ್ಕೊಮ್ಮೆ ತುಂಬುವುದೂ ದುರ್ಲಭವಾಗಿರುವ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಶಿರಾ, ಪಾವಗಡ ಮುಂತಾದ ತಾಲ್ಲೂಕುಗಳಲ್ಲಿ ಹೊಲದಿಂದ ಬರುವ ಧಾನ್ಯವೊಂದನ್ನೇ ನಂಬಿ ಬದುಕಿದ ಗ್ರಾಮವು ಅಪರೂಪ. ಪೈರು ಕೈಕೊಟ್ಟ ವರ್ಷ ಕುರಿ ಕೈಹಿಡಿಯುವುದು. ಕುರಿಗೆ ಬೇನೆ ಬಂದ ವರ್ಷ ರಾಗಿ ಕೈಹಿಡಿಯುವುದು. ೨೦೧೯ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಕುರಿಗಳ ಸಂಖ್ಯೆ ಸುಮಾರು ೧ ಕೋಟಿ ೧೧ ಲಕ್ಷ. ಇವುಗಳಲ್ಲಿ ಬಹುಭಾಗವು ಬಳ್ಳಾರಿ, ದಖ್ಖನಿ, ಕೆಂಗುರಿ, ಹಾಸನ, ಬನ್ನೂರು ಮುಂತಾದ ನಾಡತಳಿಗಳಿಗೆ ಸೇರಿದವು. ಬೀಳು, ಗೋಮಾಳ ಮತ್ತು ಕೊಯ್ಲಾದ ಹೊಲಗಳಲ್ಲಿ ಮೇದು ಜೀವಿಸತಕ್ಕವು.

ಇಂತಹ ಸೀಮೆಯಲ್ಲಿ ಹೊಲದವರಿಗೂ ಮಂದೆಯವರಿಗೂ ಮನಸ್ತಾಪ ಬಂದರೆ ಅದನ್ನು ಇಬ್ಬರ ಸ್ವಂತ ಜಗಳವೆಂದು ಉಪೇಕ್ಷಿಸುವುದು ವಾಡಿಕೆ. ಆದರೆ ಲೆಕ್ಕ ಹಾಕಿ ನೋಡಿದಲ್ಲಿ, ಅಂತಹ ಜಗಳದ ಖರ್ಚನ್ನು ಕಡೆಗೆ ಇಡೀ ಗ್ರಾಮವೇ ತನ್ನ ಕಣಜದಿಂದ ತೆರುತ್ತಿರುವುದು ಗೊತ್ತಾಗುವುದು. ಅದು ಹೇಗೆಂಬುದನ್ನೂ, ಜಗಳ ಹುಟ್ಟುವುದಕ್ಕೆ ಮುಂಚೆಯೇ ಗ್ರಾಮದ ಹಿರಿಯರು ಮಾಡಿಕೊಳ್ಳತಕ್ಕ ಏರ್ಪಾಡುಗಳನ್ನೂ ಇಲ್ಲಿ ವಿವರಿಸಲಾಗಿದೆ.

೨. ಮಂದೆಯಿಂದ ಹೊಲಕ್ಕೆ ಬರುವ ಲಾಭ

ಕೊಯ್ಲಾದ ಹೊಲದಲ್ಲಿ ರಾತ್ರಿಯ ಹೊತ್ತು ಕುರಿಗಳನ್ನು ನಿಲ್ಲಿಸಿ, ಅವುಗಳ ಹಿಕ್ಕೆಯೂ ಗಂಜಲವೂ ನೇರವಾಗಿ ನೆಲಕ್ಕೆ ಸೇರುವಂತೆ ಮಾಡುವ ಪದ್ಧತಿಯು ಬಹಳ ಹಳೆಯದು. ಇದನ್ನು ದಕ್ಷಿಣದ ಜಿಲ್ಲೆಗಳಲ್ಲಿ ಮಂದೆ ಕಟ್ಟಿಸುವುದೆಂದೂ, ಉತ್ತರದ ಜಿಲ್ಲೆಗಳಲ್ಲಿ ಕುರಿ ತರುಬಿಸುವುದೆಂದೂ ಕರೆಯುತ್ತಾರೆ. ತಿಪ್ಪೆಯ ಗೊಬ್ಬರವನ್ನು ಗಾಡಿಯಲ್ಲಿ ತುಂಬಿ, ಸಾಗಿಸಿ, ಹರಡುವ ಕೂಲಿಯು ಇದರಲ್ಲಿ ಉಳಿಯುವುದು. ತಿಪ್ಪೆಯಲ್ಲಿ ವ್ಯರ್ಥವಾಗಿ ಹರಿದುಹೋಗುವ ಗಂಜಲವೂ ಹೊಲಕ್ಕೇ ಸೇರುವುದು.

ಚೆನ್ನಾಗಿ ಕೊಳೆತ ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲು ಇರುವುದು. ಒಣಗಿದ ಕುರಿಗೊಬ್ಬರದಲ್ಲಿಯಾದರೋ ನೂರಕ್ಕೆ ಸುಮಾರು ೩ ಪಾಲು ಸಾರಜನಕ, ೧ ಪಾಲು ರಂಜಕ, ೨ ಪಾಲು ಪೊಟ್ಯಾಷ್ ಇರುವುವು. ೫೦೦ ಕುರಿಗಳ ಒಂದು ಮಂದೆಯನ್ನು ಒಂದು ಎಕರೆ ಹೊಲದಲ್ಲಿ ೭ ರಾತ್ರಿ ನಿಲ್ಲಿಸಿದರೆಂದೂ, ಒಂದು ಕುರಿಯಿಂದ ಒಂದು ರಾತ್ರಿಗೆ ಒಣಗಿದ ತೂಕದಲ್ಲಿ ೨೦೦ ಗ್ರಾಂ ಗೊಬ್ಬರ ಬೀಳುವುದೆಂದೂ ಇಟ್ಟುಕೊಂಡರೆ, ಒಟ್ಟು ೭೦೦ ಕಿಲೋಗ್ರಾಂ ಗೊಬ್ಬರವಾಗುವುದು. ಅದರಲ್ಲಿ ಸಾರಜನಕ ಸುಮಾರು ೨೧ ಕಿಲೋ. ಖುಷ್ಕಿ ರಾಗಿಗೆ ಎಕರೆಯೊಂದಕ್ಕೆ ಶಿಫಾರಸಾಗಿರುವ ಸಾರಜನಕವು ೨೦ ಕಿಲೋ ಎಂಬುದನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ಇಷ್ಟೇ ಸಾರವನ್ನು ಕೊಟ್ಟಿಗೆ ಗೊಬ್ಬರದಿಂದ ಪಡೆಯಬೇಕಾದರೆ ೪ ಟನ್ನಿಗೂ ಹೆಚ್ಚು ಗೊಬ್ಬರವನ್ನು ಹೊಲಕ್ಕೆ ಹೊಡೆಯಬೇಕಾಗುವುದು.

ಕುರಿಗೊಬ್ಬರದ ಸಾರವೆಲ್ಲವೂ ಮೊದಲನೆಯ ವರ್ಷವೇ ಪೈರಿಗೆ ದಕ್ಕುವುದಿಲ್ಲ; ಒಂದು ಭಾಗವು ಎರಡನೆಯ ಮತ್ತು ಮೂರನೆಯ ಫಸಲಿಗೆ ಒದಗುವುದು. ಆದರೆ ಅಂಗಡಿಯ ಗೊಬ್ಬರದಲ್ಲಿಲ್ಲದ ಒಂದು ಗುಣ ಇದರಲ್ಲುಂಟು. ಇದು ಮಣ್ಣನ್ನು ಸಡಿಲಗೊಳಿಸಿ, ಬಿದ್ದ ಮಳೆಯನ್ನು ಹೀರಿ ಹಿಡಿದಿಡುವುದು. ಮಳೆಗಳ ನಡುವೆ ಇಪ್ಪತ್ತು ದಿನದ ಬಿಡುವು ಬಂದಾಗ, ಮಂದೆ ಕಟ್ಟಿಸಿದ ಹೊಲದ ರಾಗಿಯು ಪಕ್ಕದ ಹೊಲದ ರಾಗಿಗಿಂತ ನಾಲ್ಕು ದಿನ ತಡವಾಗಿ ಬಾಡುವುದನ್ನು ಅನುಭವಸ್ಥ ರೈತರು ಬಲ್ಲರು. ಖುಷ್ಕಿ ಬೇಸಾಯದಲ್ಲಿ ಆ ನಾಲ್ಕು ದಿನಗಳೇ ಫಸಲನ್ನು ಉಳಿಸುವುದುಂಟು.

ಇದಕ್ಕೆ ಪ್ರತಿಯಾಗಿ ಮಂದೆಗೆ ಸಿಗುವುದು ಕೂಳೆ, ಉದುರಿದ ಎಲೆ, ಬದುವಿನ ಹುಲ್ಲು, ಕುಡಿಯುವ ನೀರು ಮತ್ತು ರಾತ್ರಿಗೆ ಇಷ್ಟೆಂದು ಧಾನ್ಯ ಅಥವಾ ಹಣ. ಹಿಂದೆ ಧಾನ್ಯವನ್ನೇ ಅಳೆದು ಕೊಡುವ ಪದ್ಧತಿ ಹೆಚ್ಚಾಗಿತ್ತು. ಈಚೆಗೆ ಹಣದ ರೂಢಿ ಬಂದಿದೆ. ಹೇಗಾದರೂ ಸರಿಯೆ, ಒಬ್ಬನಿಗೆ ಬೇಡವಾದದ್ದು ಮತ್ತೊಬ್ಬನಿಗೆ ಬೇಕಾದದ್ದಾಗಿರುವ ವ್ಯವಹಾರವಿದು.

೩. ವ್ಯಾಜ್ಯಗಳಿಗೆ ಕಾರಣಗಳು

ಇಷ್ಟು ಹೊಂದಿಕೆಯಾದ ವ್ಯವಹಾರದಲ್ಲಿ ಈಗ ಮನಸ್ತಾಪಗಳು ಹೆಚ್ಚುತ್ತಿರುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳುಂಟು.

ಮೊದಲನೆಯದು ಕಾಲದ ಕಲಬೆರಕೆ. ಹಿಂದೆ ಮಕರಸಂಕ್ರಾಂತಿ ಕಳೆದರೆ ಕೆಂಪುನೆಲದ ಖುಷ್ಕಿ ಹೊಲಗಳೆಲ್ಲ ಬರಿದಾಗಿ, ಯಾರ ಹೊಲದಲ್ಲಿ ಯಾರ ಕುರಿ ನಡೆದರೂ ಕೇಳುವವರಿರಲಿಲ್ಲ. ಈಗ ಕೊಳವೆಬಾವಿಗಳಿರುವ ಕಡೆ ಒಂದು ಹೊಲ ಬರಿದಾಗಿದ್ದರೆ ಅದರ ಪಕ್ಕದ ಹೊಲದಲ್ಲಿ ಈರುಳ್ಳಿಯೋ, ಟೊಮೇಟೋ ಗಿಡವೋ, ಎಳೆಯ ಅಡಕೆ ಸಸಿಯೋ ಹಸುರಾಗಿರುವುದು. ರಾಗಿಯ ಹೊಲದಲ್ಲಿಯೂ ಅಕ್ಕಡಿ ಸಾಲಿನ ತೊಗರಿ, ಅವರೆಗಳು ರಾಗಿ ಕೊಯ್ದ ಮೇಲೆ ಹಲವು ವಾರ ನಿಂತಿರುವುವು. ಕುರಿಗಾರನ ಕಣ್ಣಿಗೆ ಕೊಯ್ಲಾದ ಹೊಲ. ರೈತನ ಕಣ್ಣಿಗೆ ಅರ್ಧ ಫಸಲು ನಿಂತಿರುವ ಹೊಲ.

ಎರಡನೆಯದು ಮೇವಿನ ನೆಲ ಕುಗ್ಗಿರುವುದು. ಗೋಮಾಳಗಳು ಒತ್ತುವರಿಯಿಂದಲೂ, ದರಖಾಸ್ತಿನಿಂದಲೂ, ನಿವೇಶನಗಳಿಂದಲೂ ಕಿರಿದಾಗಿವೆ. ಅಮೃತಮಹಲ್ ಕಾವಲುಗಳಿಗೂ ಇದೇ ಗತಿಯಾಗಿದೆ. ಚಳ್ಳಕೆರೆ ತಾಲ್ಲೂಕೊಂದರಲ್ಲಿಯೇ ೨೦೧೦ರ ಸುಮಾರಿಗೆ ಇಂತಹ ಕಾವಲು ನೆಲದಲ್ಲಿ ಸುಮಾರು ೧೦,೦೦೦ ಎಕರೆಯಷ್ಟು ಭಾಗವು ವಿಜ್ಞಾನ ಮತ್ತು ರಕ್ಷಣಾ ಕಾರ್ಯಗಳಿಗಾಗಿ ಕೊಡಲ್ಪಟ್ಟಿತು. ಅಂತಹ ಕಾರ್ಯಗಳು ದೇಶಕ್ಕೆ ಬೇಕಾದವುಗಳೇ ಇರಬಹುದು. ಆದರೆ ಅಲ್ಲಿ ಮೇಯುತ್ತಿದ್ದ ಕುರಿಗಳು ಮತ್ತೆಲ್ಲಿಯಾದರೂ ಮೇಯಲೇಬೇಕಷ್ಟೆ.

ಮೂರನೆಯದು ದಾರಿಗಳು ಮುಚ್ಚಿಹೋಗಿರುವುದು. ಗ್ರಾಮನಕಾಶೆಯಲ್ಲಿ ಕಾಣುವ ಬಂಡಿದಾರಿಗಳೂ ಹಳ್ಳದ ಪಕ್ಕದ ಓಣಿಗಳೂ ಅನೇಕ ಕಡೆ ಉಳುಮೆಗೆ ಸೇರಿಹೋಗಿವೆ; ಉಳಿದ ಕಡೆ ತಂತಿಬೇಲಿ ಬಂದಿದೆ. ದಾರಿಯಿಲ್ಲದ ಮಂದೆಯು ಹೊಲದ ಮೇಲೆಯೇ ನಡೆಯುವುದು.

ನಾಲ್ಕನೆಯದು ಪರಿಚಯ ತಪ್ಪಿರುವುದು. ಒಂದೇ ಮನೆತನದ ಕುರಿಗಾರರು ಒಂದೇ ಊರಿಗೆ ತಲೆತಲಾಂತರದಿಂದ ಬರುತ್ತಿದ್ದಾಗ ಮಾತೇ ಕರಾರಾಗಿತ್ತು. ಈಗ ಮಳೆ ಎಲ್ಲಿ ಬಿದ್ದಿತೋ ಅಲ್ಲಿಗೆ, ಭದ್ರಾ ಮತ್ತು ತುಂಗಭದ್ರಾ ನಾಲೆಗಳ ಅಚ್ಚುಕಟ್ಟಿನಲ್ಲಿ ಭತ್ತ ಎಲ್ಲಿ ಕೊಯ್ಲಾಯಿತೋ ಅಲ್ಲಿಗೆ, ಹೊಸಬರ ಮಂದೆಗಳು ಬರುವುವು. ಮುಖ ಕಂಡರಿಯದವರ ನಡುವೆ ಸಣ್ಣ ತಪ್ಪೂ ದೊಡ್ಡ ದ್ರೋಹವಾಗಿ ತೋರುವುದು ಸಹಜ.

೪. ಒಂದು ವ್ಯಾಜ್ಯದ ಲೆಕ್ಕ

ಇಂತಹ ಜಗಳದಿಂದ ಗ್ರಾಮಕ್ಕೆ ಎಷ್ಟು ಧಾನ್ಯ ಖರ್ಚಾಗುವುದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬಯಲುಸೀಮೆಯ ಒಂದು ಗ್ರಾಮಕ್ಕೆ ವರ್ಷಂಪ್ರತಿ ೫೦೦ ಕುರಿಗಳ ನಾಲ್ಕು ಮಂದೆಗಳು ಬಂದು, ಒಂದೊಂದೂ ೩೫ ರಾತ್ರಿ ತಂಗುವುವೆಂದು ಭಾವಿಸೋಣವಾಗಲಿ. ಎಕರೆಗೆ ೭ ರಾತ್ರಿಯಂತೆ ಅವುಗಳಿಂದ ೨೦ ಎಕರೆ ಹೊಲಕ್ಕೆ ಗೊಬ್ಬರವಾಗುವುದು.

ಒಂದು ದಿನ ಬೆಳಗಿನ ಜಾವ, ಕುರಿಗಾರನು ನಿದ್ದೆಯಲ್ಲಿದ್ದಾಗ, ಬಲೆ ಸಡಿಲವಾಗಿ ಕುರಿಗಳು ಪಕ್ಕದ ಹೊಲದ ತೊಗರಿಗೆ ನುಗ್ಗಿದುವು. ಬಿಡಿಸುವಷ್ಟರಲ್ಲಿ ಸುಮಾರು ಅರ್ಧ ಕ್ವಿಂಟಲ್ ತೊಗರಿ ಹಾಳಾಯಿತು. ರೈತನ ಕೋಪವು ನ್ಯಾಯವಾದದ್ದೇ. ಆ ತೊಗರಿಯು ಅವನ ಮನೆಯ ವರ್ಷದ ಬೇಳೆ. ಆದರೆ ಅವನು ಕೋಪದಲ್ಲಿ ಕುರಿಗಾರನ ಮೇಲೆ ಕೈಮಾಡಿದನು. ಕುರಿಗಳನ್ನು ದೊಡ್ಡಿಗೆ ಅಟ್ಟಿದನು. ಅಲ್ಲಿ ಮೂರು ದಿನ ಸರಿಯಾದ ಮೇವು ನೀರಿಲ್ಲದೆ ಗಬ್ಬದ ಕುರಿಗಳು ಕಂದು ಹಾಕಿದುವು. ತಾಯಂದಿರ ಹಾಲು ಬತ್ತಿ ಎಳೆಯ ಮರಿಗಳು ಸತ್ತುವು. ಕುರಿಗಾರನು ಹಲ್ಲೆಯ ಬಗ್ಗೆ ಪೋಲೀಸು ಠಾಣೆಗೆ ಹೋದನು. ರೈತನು ಮಾಗಿ ಉಳುಮೆಯ ಹದವನ್ನು ಬಿಟ್ಟು ತಾಲ್ಲೂಕು ಕಚೇರಿಗೂ ವಕೀಲರ ಮನೆಗೂ ಅಲೆದನು.

ಮರುವರ್ಷ ಆ ನಾಲ್ಕು ಮಂದೆಗಳಲ್ಲಿ ಒಂದೂ ಆ ಊರಿನ ಕಡೆಗೆ ತಿರುಗಲಿಲ್ಲ. ೨೦ ಎಕರೆ ಗೊಬ್ಬರವಿಲ್ಲದೆ ಉಳಿಯಿತು. ಅದರಿಂದ ಎಕರೆಗೆ ಒಂದೇ ಒಂದು ಕ್ವಿಂಟಲ್ ರಾಗಿ ಕಡಮೆಯಾಯಿತೆಂದರೂ ಒಟ್ಟು ನಷ್ಟ ೨೦ ಕ್ವಿಂಟಲ್. ಐದು ಜನರ ಸಂಸಾರಕ್ಕೆ ದಿನಕ್ಕೆ ೨ ಕಿಲೋ ರಾಗಿ ಬೇಕೆಂದರೆ, ಅದು ಒಂದು ಸಂಸಾರದ ೧,೦೦೦ ದಿನಗಳ ಹಿಟ್ಟು. ಅಥವಾ ಮೂರು ಸಂಸಾರಗಳಿಗೆ ಹನ್ನೊಂದು ತಿಂಗಳ ಊಟ. ಅರ್ಧ ಕ್ವಿಂಟಲ್ ತೊಗರಿಯ ಜಗಳಕ್ಕೆ ಗ್ರಾಮವು ತೆತ್ತ ಬೆಲೆ ಇದು. ಇದರಲ್ಲಿ ಜಗಳದಲ್ಲಿ ಪಾಲಿಲ್ಲದ ಹತ್ತೊಂಬತ್ತು ಎಕರೆಯ ಪಾಲುದಾರರೂ ಸೇರಿದ್ದಾರೆಂಬುದು ಗಮನಾರ್ಹವಾದುದು.

ಮಂದೆಯ ಕಡೆಯ ನಷ್ಟವೂ ಆಹಾರದ ನಷ್ಟವೇ. ಸತ್ತ ಮರಿಯು ಮುಂದಿನ ವರ್ಷ ಸಂತೆಯಲ್ಲಿ ಮಾರಿ ರಾಗಿ ಕೊಳ್ಳಬೇಕಾಗಿದ್ದ ಹಣ. ಸ್ವಂತ ನೆಲವಿಲ್ಲದ ಕುರಿಗಾರನ ಮನೆಯಲ್ಲಿ ಕುರಿ ಕಡಮೆಯಾದರೆ ಮಕ್ಕಳ ಮುದ್ದೆಯೂ ಕಡಮೆಯಾಗುವುದು.

೫. ವಿಷವಿಟ್ಟರೆಂಬ ಸಂಶಯ

ವ್ಯಾಜ್ಯಗಳಲ್ಲೆಲ್ಲ ಅತಿ ಕೆಟ್ಟದ್ದು ಕುರಿಗಳು ಇದ್ದಕ್ಕಿದ್ದಂತೆ ಸತ್ತಾಗ ಹುಟ್ಟುವ ಸಂಶಯ. ರೈತನೇ ವಿಷವಿಟ್ಟನೆಂದು ಕುರಿಗಾರನು ನಂಬುವನು. ಅನೇಕ ಸಂದರ್ಭಗಳಲ್ಲಿ ವಿಷವು ಮನುಷ್ಯನಿಂದ ಬಂದುದಲ್ಲ. ಈ ಕೆಳಗಿನ ಮೂರು ಸಂಗತಿಗಳನ್ನು ಇಬ್ಬರೂ ತಿಳಿದಿರತಕ್ಕದ್ದು.

(ಅ) ಜೋಳದ ಚಿಗುರು. ಕೊಯ್ದ ಜೋಳದ ಕೂಳೆಯು ಮಳೆ ಬಿದ್ದು ಚಿಗುರಿದಾಗಲೂ, ಎಳೆಯ ಜೋಳವು ಮಳೆಯಿಲ್ಲದೆ ಸೊರಗಿದಾಗಲೂ ಅದರ ಎಲೆಯಲ್ಲಿ ಹೈಡ್ರೋಸಯಾನಿಕ್ ಆಮ್ಲವೆಂಬ ಉಗ್ರವಾದ ವಿಷವನ್ನು ಕೊಡುವ ವಸ್ತುವು ಹೆಚ್ಚಾಗಿರುವುದು. ಹಸಿದ ಮಂದೆಯು ಅದನ್ನು ಮೇದರೆ ಉಸಿರು ಜೋರಾಗಿ, ಕಾಲು ತತ್ತರಿಸಿ, ಕೆಲವು ಸಾರಿ ಗಳಿಗೆಯೊಳಗೆ ಸಾಯುವುದು. ಪೈರು ಬಲಿತು ಹೂ ಬಿಟ್ಟ ಮೇಲೆ ಈ ಅಪಾಯವು ಬಹಳ ಕಡಮೆ. ಕೊಯ್ದು ಚೆನ್ನಾಗಿ ಒಣಗಿಸಿದರೂ ವಿಷವು ತಗ್ಗುವುದು. ಪಶುವೈದ್ಯರಲ್ಲಿ ಇದಕ್ಕೆ ಚುಚ್ಚುಮದ್ದುಂಟು. ಆದರೆ ತಡಮಾಡಿದರೆ ಪ್ರಯೋಜನವಿಲ್ಲ. ಕೂಳೆ ಜೋಳ ಚಿಗುರಿರುವ ಹೊಲದ ಒಡೆಯನು ಅದನ್ನು ಮುಂಚಿತವಾಗಿಯೇ ಮಂದೆಯವನಿಗೆ ತಿಳಿಸತಕ್ಕದ್ದು.

(ಆ) ಕಣದ ಧಾನ್ಯ. ಕುರಿಗಳು ಕಣಕ್ಕೆ ನುಗ್ಗಿ ರಾಗಿ, ಜೋಳ ಅಥವಾ ಮುಸುಕಿನ ಜೋಳದ ರಾಶಿಯನ್ನು ಹೊಟ್ಟೆ ತುಂಬ ತಿಂದರೆ ಹೊಟ್ಟೆಯಲ್ಲಿ ಹುಳಿಯು ವಿಪರೀತವಾಗಿ ಉತ್ಪತ್ತಿಯಾಗಿ ಒಂದೆರಡು ದಿನಗಳಲ್ಲಿ ಸಾಯುವುದುಂಟು. ಇದು ಅಜೀರ್ಣದ ಸಾವು. ಕಣಕ್ಕೂ ಬಣವೆಗೂ ಮುಳ್ಳಿನ ಬೇಲಿ ಹಾಕುವುದು ಧಾನ್ಯ ಮತ್ತು ಕುರಿ ಎರಡನ್ನೂ ಉಳಿಸುವುದು.

(ಇ) ಕೀಟನಾಶಕ. ಹತ್ತಿ, ಮುಸುಕಿನ ಜೋಳ, ತೊಗರಿ, ತರಕಾರಿಗಳಿಗೆ ಔಷಧ ಸಿಂಪಡಿಸಿದ ಮೇಲೆ ಡಬ್ಬಿಯ ಚೀಟಿಯಲ್ಲಿ ಹೇಳಿರುವಷ್ಟು ದಿನ ಆ ಹೊಲದಲ್ಲಿ ಯಾವ ಪ್ರಾಣಿಯನ್ನೂ ಬಿಡಕೂಡದು. ಸಿಂಪಡಿಸಿದ ಹೊಲದ ಮೂಲೆಯಲ್ಲಿ ಒಂದು ಕೋಲಿಗೆ ಕೆಂಪುಬಟ್ಟೆ ಕಟ್ಟುವ ಗುರುತನ್ನು ಊರಿನವರೆಲ್ಲರೂ ಒಪ್ಪಿ ಪಾಲಿಸಿದರೆ, ಓದು ಬಾರದ ಕುರಿಗಾರನಿಗೂ ತಿಳಿಯುವುದು.

ಕುರಿಗಳು ಸತ್ತ ಕೂಡಲೆ ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಪಶುವೈದ್ಯರನ್ನು ಕರೆಸಿ ಶವಪರೀಕ್ಷೆ ಮಾಡಿಸುವುದು. ಪರೀಕ್ಷೆಯ ವರದಿ ಬರುವವರೆಗೂ ಯಾರ ಹೆಸರನ್ನೂ ಎತ್ತಕೂಡದೆಂದು ಗ್ರಾಮದ ಹಿರಿಯರು ಉಭಯರಿಗೂ ತಾಕೀತು ಮಾಡತಕ್ಕದ್ದು. ಬೇಕೆಂದೇ ಪ್ರಾಣಿಗೆ ವಿಷವಿಟ್ಟದ್ದು ನಿಜವಾದರೆ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ೩೨೫ನೆಯ ಕಲಮಿನ ಮೇರೆಗೆ ಐದು ವರ್ಷಗಳವರೆಗೆ ಶಿಕ್ಷೆಯುಂಟು.

೬. ಜಗಳವು ಬೆಳೆದರೆ ಏನಾಗುವುದು: ಬೆನ್ಯೂ ಪ್ರಾಂತದ ನಿದರ್ಶನ

ಕನ್ನಡನಾಡಿನಲ್ಲಿ ಈ ವ್ಯಾಜ್ಯಗಳು ಸಾಧಾರಣವಾಗಿ ಮಾತು, ಏಟು, ದೊಡ್ಡಿಗಳ ಮಟ್ಟದಲ್ಲಿಯೇ ನಿಂತಿವೆ. ಆದರೆ ಇವನ್ನು ಹೊತ್ತಿನಲ್ಲಿ ತೀರಿಸದೆ ಬಿಟ್ಟರೆ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಆಫ್ರಿಕಾ ಖಂಡದ ನೈಜೀರಿಯಾ ದೇಶವು ಸಾಕ್ಷಿಯಾಗಿದೆ. ಅಲ್ಲಿನ ಬೆನ್ಯೂ ಎಂಬ ಪ್ರಾಂತವು ಹೆಗ್ಗೆಣಸು, ಮರಗೆಣಸು, ಭತ್ತ, ಎಳ್ಳು ಮುಂತಾದುವನ್ನು ಹೇರಳವಾಗಿ ಬೆಳೆಯುವುದರಿಂದ ದೇಶದ ಅನ್ನದ ಬುಟ್ಟಿಯೆಂದು ಹೆಸರಾಗಿದೆ. ಬೇಸಿಗೆಯಲ್ಲಿ ಉತ್ತರದ ಒಣಸೀಮೆಯಿಂದ ಫುಲಾನಿ ದನಗಾಹಿಗಳು ತಮ್ಮ ಹಿಂಡುಗಳೊಂದಿಗೆ ದಕ್ಷಿಣದ ಕಡೆಗೆ ಇಳಿದು ಬರುವುದು, ಕೊಯ್ಲಾದ ಹೊಲಗಳಲ್ಲಿ ಮೇಯಿಸುವುದು, ದನಗಳ ಸೆಗಣಿಯಿಂದ ಹೊಲ ಫಲವತ್ತಾಗುವುದು, ಇವೆಲ್ಲವೂ ಬಯಲುಸೀಮೆಯ ಪದ್ಧತಿಯನ್ನೇ ಹೋಲುತ್ತಿದ್ದುವು.

ಕ್ರಮೇಣ ಉತ್ತರದಲ್ಲಿ ಮೇವು ಕಡಮೆಯಾಯಿತು. ದಕ್ಷಿಣದಲ್ಲಿ ಸಾಗುವಳಿ ಹೆಚ್ಚಿ ಹಿಂಡಿನ ದಾರಿಗಳು ಮುಚ್ಚಿದುವು. ೧೯೬೫ರಲ್ಲಿಯೇ ಉತ್ತರ ಪ್ರಾಂತದಲ್ಲಿ ಹುಲ್ಲುಗಾವಲುಗಳನ್ನು ಮೀಸಲಿಡಲು ಶಾಸನವಾಗಿದ್ದರೂ, ಅವುಗಳಲ್ಲಿ ಅನೇಕವು ಸರಿಯಾಗಿ ನೆಲೆಗೊಳ್ಳಲಿಲ್ಲ. ಜಗಳಗಳು ಕುಲ ಮತಗಳ ಹಗೆಯಾಗಿ ಮಾರ್ಪಟ್ಟು, ಕೋಲು ಹಿಡಿಯುತ್ತಿದ್ದ ಕೈಗೆ ಬಂದೂಕು ಬಂದಿತು. ೨೦೧೭ರಲ್ಲಿ ಬೆನ್ಯೂ ಪ್ರಾಂತದ ಸರಕಾರವು ಬಯಲಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿ ಶಾಸನ ಮಾಡಿ, ಅದೇ ವರ್ಷದ ನವೆಂಬರ್ ೧ರಿಂದ ಜಾರಿಗೆ ತಂದಿತು. ನಿಷೇಧವು ಬಂದಷ್ಟು ಬೇಗನೆ ಬದಲಿ ಹುಲ್ಲುಗಾವಲುಗಳು ಸಿದ್ಧವಾಗಲಿಲ್ಲ. ೨೦೧೮ರ ಹೊಸ ವರ್ಷದ ದಿನ ಗೂಮಾ ಮತ್ತು ಲೋಗೋ ಎಂಬ ಭಾಗಗಳ ಹಳ್ಳಿಗಳ ಮೇಲೆ, ದನಗಾಹಿಗಳೆಂದು ಹೇಳಲಾದ ಆಯುಧಪಾಣಿಗಳು ಬಿದ್ದರು; ಹತರಾದ ೭೩ ಮಂದಿಯನ್ನು ಜನವರಿ ೧೧ರಂದು ಒಟ್ಟಾಗಿ ಹೂಳಲಾಯಿತು. ಆ ಹಗೆಯು ಅಲ್ಲಿಗೇ ಮುಗಿಯಲಿಲ್ಲ. ೨೦೨೫ರ ಜೂನ್ ತಿಂಗಳಲ್ಲಿ ಯೆಲ್ವಾಟಾ ಎಂಬ ಊರಿನಲ್ಲಿ ನೂರಕ್ಕೂ ಹೆಚ್ಚು ಜನ ಹತರಾದರು. ಲಕ್ಷಾಂತರ ರೈತರು ಹೊಲಗಳನ್ನು ಬಿಟ್ಟು ಶಿಬಿರಗಳನ್ನು ಸೇರಿದರು. ದನಗಾಹಿಗಳೂ ಹಿಂಡುಗಳನ್ನೂ ಪ್ರಾಣಗಳನ್ನೂ ಕಳೆದುಕೊಂಡರು.

ಈ ನಿದರ್ಶನದಿಂದ ಗ್ರಾಮಸ್ಥರು ತಿಳಿಯಬೇಕಾದದ್ದು ಇಷ್ಟೆ: ಬಿತ್ತುವವನು ಹೊಲಕ್ಕೆ ಹೋಗಲು ಹೆದರಿದ ದಿನ, ನೆಲ ಎಷ್ಟೇ ಫಲವತ್ತಾಗಿದ್ದರೂ ಅನ್ನದ ಬುಟ್ಟಿ ಬರಿದಾಗುವುದು. ಮೇಯುವ ಪ್ರಾಣಿಗೆ ಜಾಗ ತೋರಿಸದೆ ಮೇಯಕೂಡದೆಂದು ಹೇಳಿದ ಮಾತ್ರದಿಂದ ಅದರ ಹಸಿವು ಹೋಗುವುದಿಲ್ಲ.

೭. ಗ್ರಾಮದಲ್ಲಿ ಮಾಡಿಕೊಳ್ಳತಕ್ಕ ಏರ್ಪಾಡುಗಳು

ಹಿಂದೆ ಪಟೇಲರೂ ಶಾನುಭೋಗರೂ ನೋಡಿಕೊಳ್ಳುತ್ತಿದ್ದ ಈ ಕೆಲಸವು ಈಗ ಗ್ರಾಮಪಂಚಾಯತಿಗೂ ಊರಿನ ಯಜಮಾನರಿಗೂ ಸೇರಿದೆ. ಖರ್ಚಿಲ್ಲದೆ ಮಾಡಬಹುದಾದ ಏರ್ಪಾಡುಗಳು ಈ ಕೆಳಕಂಡಂತಿವೆ.

(೧) ಸಂಕ್ರಾಂತಿಗೆ ಹದಿನೈದು ದಿನ ಮುಂಚೆ ಊರಿನ ಸಭೆ ಸೇರಿಸಿ, ಮಂದೆ ಬಿಡತಕ್ಕ ದಿನವನ್ನು ಹೊಲದ ಭಾಗವಾರು ಗೊತ್ತುಮಾಡತಕ್ಕದ್ದು. ರಾಗಿ, ಅವರೆ, ತೊಗರಿಗಳ ಕೆಂಪುನೆಲಕ್ಕೆ ಕೊನೆಯ ಅಕ್ಕಡಿ ಸಾಲು ಕೊಯ್ಲಾದ ದಿನವೇ ಗಡುವು. ಬಿಳಿಜೋಳ, ಕಡಲೆಗಳ ಎರೆನೆಲದಲ್ಲಿ ಕೊಯ್ಲು ತಡವಾಗುವುದರಿಂದ ಅದಕ್ಕೆ ಬೇರೆ ದಿನ ಬೇಕು. ಗೊತ್ತಾದ ದಿನವನ್ನು ಡಂಗುರ ಹೊಡೆಸಿ ಸಾರತಕ್ಕದ್ದು.

(೨) ಗ್ರಾಮನಕಾಶೆಯನ್ನೂ ಪಹಣಿಯನ್ನೂ ತರಿಸಿ, ಗೋಮಾಳ ಎಷ್ಟಿದೆ, ಬಂಡಿದಾರಿ ಎಲ್ಲಿದೆ ಎಂದು ಸ್ಥಳದಲ್ಲಿಯೇ ನೋಡತಕ್ಕದ್ದು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ರಾಸುಗಳಿಗೆ ೧೨ ಹೆಕ್ಟೇರಿನಂತೆ ಉಚಿತ ಮೇವಿನ ನೆಲವನ್ನು ಕಾದಿರಿಸಬೇಕು. ಊರಿನಲ್ಲಿ ೪೦೦ ರಾಸುಗಳಿದ್ದರೆ ೪೮ ಹೆಕ್ಟೇರು, ಅಂದರೆ ಸುಮಾರು ೧೧೯ ಎಕರೆ ಇರತಕ್ಕದ್ದು. ಕಡಮೆಯಿದ್ದಲ್ಲಿ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು.

(೩) ಮಂದೆಯ ದಾರಿಯನ್ನು ಕೆರೆಯ ಅಥವಾ ತೊಟ್ಟಿಯ ನೀರಿನವರೆಗೂ ತೆರೆದಿಡತಕ್ಕದ್ದು. ದಾರಿಯ ಅಗಲವು ಒಂದು ಮಂದೆ ಪೈರು ಮುಟ್ಟದೆ ಸಾಗುವಷ್ಟಿರಬೇಕು. ನೀರಿಗೆ ದಾರಿಯಿಲ್ಲದ ಊರಿನಲ್ಲಿ ಮಿಕ್ಕ ಯಾವ ಕಟ್ಟುಪಾಡೂ ನಿಲ್ಲದು.

(೪) ಊರಿಗೆ ಬಂದ ಕುರಿಗಾರನು ಮೊದಲು ಯಜಮಾನರನ್ನು ಕಂಡು, ತನ್ನ ಊರು, ಹೆಸರು, ಕುರಿಗಳ ಸಂಖ್ಯೆ, ಕಿವಿಯ ಗುರುತು ಇವನ್ನು ಒಂದು ಪುಸ್ತಕದಲ್ಲಿ ಬರೆಸತಕ್ಕದ್ದು. ರೋಗ ಬಂದ ಮಂದೆಯನ್ನು ಊರಿನ ರಾಸುಗಳ ಜೊತೆ ಸೇರಿಸದೆ ದೂರ ನಿಲ್ಲಿಸತಕ್ಕದ್ದು. ಪುಸ್ತಕದಲ್ಲಿ ಹೆಸರಿರುವವನು ಊರಿಗೆ ಅಪರಿಚಿತನಲ್ಲ. ಅವನ ರಕ್ಷಣೆಯೂ ಊರಿನ ಹೊಣೆಯೇ.

(೫) ಮಂದೆ ಕಟ್ಟುವ ಕರಾರಿನಲ್ಲಿ ಯಾವ ಹೊಲ, ಎಷ್ಟು ರಾತ್ರಿ, ರಾತ್ರಿಗೆ ಎಷ್ಟು ಧಾನ್ಯ ಅಥವಾ ಹಣ, ಪಕ್ಕದ ಪೈರಿಗೆ ಹಾನಿಯಾದರೆ ಯಾರು ತೆರಬೇಕು ಎಂಬ ನಾಲ್ಕು ವಿಷಯಗಳನ್ನು ಇಬ್ಬರು ಸಾಕ್ಷಿಗಳ ಮುಂದೆ ಗೊತ್ತುಮಾಡಿಕೊಳ್ಳತಕ್ಕದ್ದು.

(೬) ಮಂದೆ ಎದ್ದ ಹೊಲವನ್ನು ಎರಡು ಮೂರು ದಿನಗಳೊಳಗೆ ಕುಂಟೆ ಹೊಡೆದು ಹಿಕ್ಕೆಯನ್ನು ಮಣ್ಣಿನಲ್ಲಿ ಬೆರೆಸತಕ್ಕದ್ದು. ಹಾಗೆಯೇ ಬಿಟ್ಟರೆ ಬಿಸಿಲಿಗೆ ಸಾರಜನಕವು ಗಾಳಿಗೆ ಹೋಗುವುದು. ಹಸಿಯಾದ ಎರೆನೆಲದಲ್ಲಿ ಮಂದೆ ನಿಲ್ಲಿಸಕೂಡದು; ಗೊರಸಿನ ತುಳಿತಕ್ಕೆ ನೆಲ ಗಟ್ಟಿಯಾಗುವುದು. ಬಳ್ಳಾರಿ ಜಾಲಿಯ ಕಾಯಿ ಮೇದ ಮಂದೆಯ ಹಿಕ್ಕೆಯಲ್ಲಿ ಅದರ ಬೀಜವು ಬರುವುದರಿಂದ, ಮೊದಲ ಮಳೆಗೆ ಹುಟ್ಟಿದ ಸಸಿಗಳನ್ನು ಎಳೆಯದರಲ್ಲಿಯೇ ಕಿತ್ತುಹಾಕತಕ್ಕದ್ದು.

೮. ಪೈರಿಗೆ ಹಾನಿಯಾದಾಗ ಅನುಸರಿಸತಕ್ಕ ಕ್ರಮ

ಎಷ್ಟು ಎಚ್ಚರಿಕೆಯಿದ್ದರೂ ಹಾನಿಯು ಒಮ್ಮೊಮ್ಮೆ ಆಗಿಯೇ ತೀರುವುದು. ಆಗ ಮೊದಲು ಕುರಿಗಳನ್ನು ಹೊಲದಿಂದ ಹೊರಡಿಸಿ, ಅದೇ ದಿನ, ಹೆಜ್ಜೆಯ ಗುರುತು ಅಳಿಯುವುದಕ್ಕೆ ಮುಂಚೆ, ರೈತರ ಕಡೆಯಿಂದ ಒಬ್ಬರು, ಮಂದೆಯ ಕಡೆಯಿಂದ ಒಬ್ಬರು, ಊರಿನ ಯಜಮಾನರೊಬ್ಬರು ಹೀಗೆ ಮೂವರು ಹೊಲಕ್ಕೆ ಹೋಗಿ ನೋಡತಕ್ಕದ್ದು. ಹಾಳಾದ ಭಾಗವನ್ನು ಹೆಜ್ಜೆಯಿಂದಳೆದು, ಅದೇ ಹೊಲದ ಹಾಳಾಗದ ಭಾಗದಲ್ಲಿ ಅಷ್ಟೇ ಅಳತೆಯ ಜಾಗಕ್ಕೆ ಎಷ್ಟು ಫಸಲು ಬರಬಹುದೆಂದು ನೋಡಿ, ನಷ್ಟವನ್ನು ಧಾನ್ಯದ ಅಳತೆಯಲ್ಲಿ ಬರೆಯತಕ್ಕದ್ದು. ಎಳೆಯ ರಾಗಿಯನ್ನು ಕುರಿ ಮೇದರೆ ಹದವಾದ ಮಳೆಗೆ ಅದು ಮತ್ತೆ ಚಿಗುರುವುದುಂಟು. ತೆನೆ ಕಟ್ಟಿದ ಮೇಲಿನ ಹಾನಿಯು ಪೂರ್ಣನಷ್ಟ. ಈ ಭೇದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಷ್ಟಕ್ಕೆ ಪ್ರತಿಯಾಗಿ ಹಣ, ಒಂದು ಕುರಿಮರಿ, ಅಥವಾ ಇಷ್ಟು ರಾತ್ರಿ ಉಚಿತವಾಗಿ ಮಂದೆ ಕಟ್ಟುವುದು, ಈ ಮೂರರಲ್ಲಿ ಉಭಯರಿಗೂ ಒಪ್ಪಿಗೆಯಾದದ್ದನ್ನು ಸ್ವೀಕರಿಸಬಹುದು. ಮೂರನೆಯದರಿಂದ ರೈತನ ಹೊಲಕ್ಕೆ ಗೊಬ್ಬರವೂ, ಕುರಿಗಾರನಿಗೆ ಕೈಯಿಂದ ಹಣ ಬಿಚ್ಚದ ಅನುಕೂಲವೂ ಉಂಟಾಗುವುದು.

ಅಡ್ಡಾಡುವ ದನಗಳನ್ನು ದೊಡ್ಡಿಗೆ ಹಾಕುವ ಬಗ್ಗೆ ೧೮೭೧ರಲ್ಲಿ ಭಾರತದಲ್ಲಿ ಶಾಸನವಾಯಿತು. ಕರ್ನಾಟಕಕ್ಕೆ ೧೯೬೬ರ ಶಾಸನವುಂಟು. ಆ ಹಕ್ಕು ರೈತನಿಗೆ ಇದ್ದೇ ಇದೆ. ಆದರೆ ದೊಡ್ಡಿಯಲ್ಲಿ ಕಟ್ಟುವ ದಂಡವು ತೊಗರಿ ಕಳೆದುಕೊಂಡ ರೈತನ ಕೈ ಸೇರುವುದಿಲ್ಲವೆಂಬುದನ್ನು ಮರೆಯಕೂಡದು. ಆದುದರಿಂದ ಪರಿಹಾರ ಕೊಡಲು ಒಪ್ಪದವನಿಗೂ, ಪದೇ ಪದೇ ಬೇಕೆಂದೇ ಪೈರಿಗೆ ಬಿಡುವವನಿಗೂ ಮಾತ್ರ ಆ ಹಕ್ಕನ್ನು ಉಪಯೋಗಿಸುವುದು ವಿವೇಕ. ದೊಡ್ಡಿಗೆ ಹಾಕಿದರೂ ಕುರಿಗಳಿಗೆ ನೀರು ಮೇವನ್ನು ಒದಗಿಸಲೇಬೇಕು. ಯಾವ ಕಾರಣಕ್ಕೂ ಕೈಮಾಡಕೂಡದು. ಕೈಮಾಡಿದ ಕ್ಷಣದಲ್ಲಿ ನಷ್ಟಕ್ಕೊಳಗಾದವನೇ ಅಪರಾಧಿಯಾಗಿ ನಿಲ್ಲುವನು.

೯. ಬರಗಾಲದ ವರ್ಷಗಳು

ಮೇಲಿನ ಕಟ್ಟುಪಾಡುಗಳಿಗೆ ನಿಜವಾದ ಪರೀಕ್ಷೆ ಬರುವುದು ಮಳೆ ಹೋದ ವರ್ಷ. ಧಾತು ಮತ್ತು ಈ‍ಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ ೧೮೭೬ರಿಂದ ೧೮೭೮ರವರೆಗೆ, ಆಗಿನ ಮೈಸೂರು ಸಂಸ್ಥಾನವು ಪಟ್ಟ ಪಾಡು ಪ್ರಸಿದ್ಧವಾಗಿದೆ. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷ ಮೀರಿದ್ದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಜನರೊಂದಿಗೆ ದನಕರುಗಳೂ ಮಡಿದುದರಿಂದ, ಮಳೆ ಬಂದ ಮೇಲೆಯೂ ಉಳುವುದಕ್ಕೆ ಎತ್ತುಗಳಿಲ್ಲದೆ ಹೋಯಿತು. ಈಗ ರೈಲು, ರಸ್ತೆ, ಪಡಿತರ ಧಾನ್ಯಗಳ ಏರ್ಪಾಡಿರುವುದರಿಂದ ಅಂತಹ ಕ್ಷಾಮವು ಮರುಕಳಿಸದಿದ್ದರೂ, ಬರ ಮಾತ್ರ ಬರುತ್ತಲೇ ಇದೆ. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟುವು.

ಅಂತಹ ವರ್ಷ ಮಂದೆಗಳು ಬೇಗ ಹೊರಡುವುವು, ಹೆಚ್ಚು ಸಂಖ್ಯೆಯಲ್ಲಿ ಬರುವುವು, ನೀರಿಗಾಗಿ ಕಾತರಿಸುವುವು. ರೈತನಿಗೂ ಇದ್ದ ಒಂದು ಹಿಡಿ ಪೈರಿನ ಮೇಲೆಯೇ ಕಣ್ಣು. ಆದ್ದರಿಂದ ಬರದ ಸೂಚನೆ ಕಂಡ ಕೂಡಲೆ, ಎಂದರೆ ಮಖೆ ಹುಬ್ಬೆ ಮಳೆಗಳು ತಪ್ಪಿದ ಕೂಡಲೆ, ಊರಿನ ಸಭೆಯನ್ನು ಸಂಕ್ರಾಂತಿಯವರೆಗೆ ಕಾಯದೆ ಸೇರಿಸತಕ್ಕದ್ದು. ತೆನೆ ಬಾರದೆ ಒಣಗಿದ ಪೈರನ್ನು ಯಾವ ಹೊಲಗಳಲ್ಲಿ ಮೇವಿಗೆ ಬಿಡಬಹುದು, ಅದಕ್ಕೆ ಮಂದೆಯವರು ಏನು ಕೊಡಬೇಕು, ಯಾವ ಬಾವಿಯ ನೀರು ಮಂದೆಗೆ, ಯಾವುದು ಊರಿಗೆ ಎಂಬುದನ್ನು ಆಗಲೇ ಗೊತ್ತುಮಾಡತಕ್ಕದ್ದು. ಸೊರಗಿದ ಜೋಳದ ವಿಷಯದಲ್ಲಿ ಮೇಲೆ ಹೇಳಿದ ಎಚ್ಚರಿಕೆಯು ಇಲ್ಲಿ ಇನ್ನೂ ಹೆಚ್ಚಾಗಿ ಬೇಕು. ಪೈರು ಹೋದ ರೈತನಿಗೆ ಒಣಗಿದ ದಂಟಿನಿಂದ ನಾಲ್ಕು ಕಾಸು ದೊರೆಯುವುದು. ಮಂದೆಗೆ ಪ್ರಾಣ ಉಳಿಯುವುದು. ಮುಂದಿನ ಮುಂಗಾರಿಗೆ ಹೊಲಕ್ಕೆ ಗೊಬ್ಬರವೂ ಇರುವುದು.

೧೦. ಮುಕ್ತಾಯ

ಪೈರು ರೈತನದು, ಕುರಿ ಕುರಿಗಾರನದು; ಅನ್ನ ಮಾತ್ರ ಊರಿಗೆಲ್ಲ ಸೇರಿದ್ದು. ಬಲೆಯನ್ನು ಬಿಗಿಯಾಗಿ ಕಟ್ಟುವುದು ಕುರಿಗಾರನ ಧರ್ಮ. ದಾರಿಯನ್ನು ಉಳದೆ ಬಿಡುವುದು ರೈತನ ಧರ್ಮ. ದಿನ ಗೊತ್ತುಮಾಡಿ, ಪುಸ್ತಕ ಬರೆದು, ಹಾನಿಯಾದ ದಿನವೇ ಹೊಲಕ್ಕೆ ಹೋಗಿ ನ್ಯಾಯ ಹೇಳುವುದು ಯಜಮಾನರ ಧರ್ಮ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಮಿಕ್ಕೆರಡು ನಿಲ್ಲವು. ಬರುವ ಸುಗ್ಗಿಯಲ್ಲಿ ಮೊದಲನೆಯ ಮಂದೆಯು ಊರ ಮುಂದಣ ಹಳ್ಳವನ್ನು ದಾಟುವುದಕ್ಕೆ ಮುಂಚೆ, ಆ ಮಂದೆಯು ನಡೆಯತಕ್ಕ ದಾರಿ ಎಲ್ಲಿದೆಯೆಂದು ಊರಿನ ಹಿರಿಯರು ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬರುವುದು ಈ ಕೆಲಸದ ಮೊದಲನೆಯ ಹೆಜ್ಜೆಯಾಗಿರುವುದು.